ಮುಳ್ಳುತಂತಿಗೆ ಸುತ್ತಿದ ಸೈಕಲ್ ಟ್ಯೂಬು: ಕೊಡಗಿನ ಒಂದು ಬಡಾವಣೆಯ ಕಾಲುದಾರಿ ಪ್ರಕರಣ

ಹಿನ್ನೆಲೆ

ಕೊಡಗಿನ ಒಂದು ಸಣ್ಣ ಪಟ್ಟಣದಲ್ಲಿ, ಗುಡ್ಡದ ಮೇಲಿನ ಬಡಾವಣೆಯವರು ಕೆಳಗಿನ ಪೇಟೆಗೆ ನಡೆದೇ ಹೋಗಿಬರುವಂತಾಗಬೇಕೆಂದು ಸುಮಾರು ಮೂರು ವರ್ಷ ನಡೆದ ಪ್ರಯತ್ನವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಪಟ್ಟಣದ ಹೆಸರನ್ನಾಗಲಿ, ವ್ಯಕ್ತಿಗಳ ಹೆಸರನ್ನಾಗಲಿ ಹೇಳಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಮರೆಮಾಚಿದ್ದೇನೆ. ಅಳತೆ ಮತ್ತು ನಕ್ಷೆಯ ಕೆಲಸಕ್ಕೆಂದು ನನ್ನನ್ನು ಕರೆಸಿದ್ದರು. ಮೊದಲ ಸುತ್ತಿನಲ್ಲಿ ಹಣ ಪೋಲಾದದ್ದಕ್ಕೆ ನನ್ನ ಅಂದಾಜುಪಟ್ಟಿಯೂ ಕಾರಣ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪಟ್ಟಣ ಎರಡು ಮಟ್ಟಗಳಲ್ಲಿ ಹಬ್ಬಿದೆ. ಕೆಳಗೆ ಹೆದ್ದಾರಿ, ಬಸ್ ನಿಲ್ದಾಣ, ಸಂತೆ ಮೈದಾನ, ಶಾಲೆ, ಅಂಚೆ ಕಚೇರಿ ಮತ್ತು ಹಳೆಯ ಪೇಟೆಬೀದಿ. ಮೇಲೆ, ಹಿಂದೆ ಕಾಫಿ ತೋಟವಾಗಿದ್ದ ಗುಡ್ಡದ ಬೆನ್ನಿನಲ್ಲಿ, ಭೂಪರಿವರ್ತನೆಯಾಗಿ (ಕೃಷಿಭೂಮಿ ವಾಸದ ಜಾಗವಾಗಿ ಬದಲಾಗುವುದು; ಊರಿನವರ ಬಾಯಲ್ಲಿ ಅದು ‘ಅಲಿನೇಷನ್’) ಎದ್ದ ಬಡಾವಣೆ. ಈ ಬಡಾವಣೆಗೆ ಒಂದೇ ಬಾಗಿಲು. ಒಳರಸ್ತೆಗಳೆಲ್ಲ ಕೈಬೆರಳುಗಳ ಹಾಗೆ ಚಾಚಿಕೊಂಡು ಯಾರದಾದರೂ ಕಾಂಪೌಂಡಿಗೆ ಬಂದು ಮುಗಿಯುತ್ತವೆ. ಎಲ್ಲವೂ ವಾಸದ ನಿವೇಶನಗಳು, ಒಂದು ಅಂಗಡಿಯೂ ಇಲ್ಲ. ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ಜಾಗದಲ್ಲಿ ಲಂಟಾನ ಬೆಳೆದು ನಿಂತಿತ್ತು. ಬಡಾವಣೆಯ ಅಂಚಿನಲ್ಲಿ ನಿಂತರೆ ಬಸ್ ನಿಲ್ದಾಣದ ತಗಡಿನ ಮಾಡು ಕಾಣುತ್ತದೆ, ನಿರ್ವಾಹಕನ ಸೀಟಿ ಕೇಳಿಸುತ್ತದೆ. ಆದರೆ ಅಲ್ಲಿಗೆ ತಲುಪಲು ತಿರುವುಗಳ ರಸ್ತೆಯಲ್ಲಿ 1.1 ಕಿಲೋಮೀಟರ್ ಸುತ್ತಬೇಕಾಗಿತ್ತು.

ಕೆಳಗಿನ ಪೇಟೆಬೀದಿಯ ಕಥೆಯೇ ಬೇರೆ. ಅಲ್ಲಿ ಅಂಗಡಿಯ ಮೇಲೆ ಮನೆ, ಮನೆಯ ಪಕ್ಕದಲ್ಲಿ ದರ್ಜಿ, ದರ್ಜಿಯ ಪಕ್ಕದಲ್ಲಿ ಸಂದಿ; ಸಂದಿಯಲ್ಲಿ ನುಗ್ಗಿದರೆ ಇನ್ನೊಂದು ಬೀದಿ. ಅಲ್ಲಿನವರು ಯಾರೂ ‘ವಾಕಿಂಗ್’ ಮಾಡುವುದಿಲ್ಲ, ಆದರೆ ದಿನವಿಡೀ ನಡೆಯುತ್ತಿರುತ್ತಾರೆ. ಅಮೆರಿಕದ ಸಂಶೋಧಕರಾದ ರಾಬರ್ಟ್ ಸರ್ವೆರೊ ಮತ್ತು ಕಾರಾ ಕಾಕಲ್ಮನ್ 1997ರಲ್ಲಿ, ಜನ ವಾಹನವಿಲ್ಲದೆ ಓಡಾಡುವುದಕ್ಕೂ ಒಂದು ಪ್ರದೇಶದ ಸಾಂದ್ರತೆ, ಭೂಬಳಕೆಯ ವೈವಿಧ್ಯ ಮತ್ತು ಬೀದಿಗಳ ವಿನ್ಯಾಸಕ್ಕೂ ಇರುವ ನಂಟನ್ನು ಅಳೆದು ತೋರಿಸಿದ್ದರು. ಆ ಮೂರನ್ನೂ ನಮ್ಮ ಹಳೆಯ ಪೇಟೆ ಯಾರೂ ಹೇಳಿಕೊಡದೆ ಪಡೆದುಕೊಂಡಿತ್ತು, ಮೇಲಿನ ಬಡಾವಣೆ ದುಡ್ಡು ಕೊಟ್ಟು ಕಳೆದುಕೊಂಡಿತ್ತು.

ಸಮಸ್ಯೆ ಮತ್ತು ಮೊದಲ ಮದ್ದು

ನನ್ನ ಹತ್ತಿರ ಬಂದ ದೂರು ನಡಿಗೆಗೆ ಸಂಬಂಧಿಸಿದ್ದಲ್ಲ, ಪಾರ್ಕಿಂಗಿಗೆ ಸಂಬಂಧಿಸಿದ್ದು. ಸಂತೆಯ ದಿನ ಪೇಟೆಬೀದಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ, ವಾರಾಂತ್ಯದಲ್ಲಿ ಪ್ರವಾಸಿಗರ ಕಾರುಗಳೂ ಸೇರಿ ಬಸ್ಸು ತಿರುಗುವುದೇ ಕಷ್ಟ, ಏನಾದರೂ ಮಾಡಿ ಎಂದು ವರ್ತಕರು ಪಟ್ಟಣ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದರು. ಒಂದು ವಾರ ಬೆಳಿಗ್ಗೆ ಪೇಟೆಯಲ್ಲಿ ನಿಂತು ನೋಡಿದಾಗ, ಪ್ರವಾಸಿಗರಿಲ್ಲದ ದಿನಗಳಲ್ಲೂ ಬೀದಿಯನ್ನು ತುಂಬುತ್ತಿದ್ದದ್ದು ಮೇಲಿನ ಬಡಾವಣೆಯಿಂದ ಅರ್ಧ ಲೀಟರ್ ಹಾಲಿಗೆ, ಪತ್ರಿಕೆಗೆ, ಮಕ್ಕಳನ್ನು ಶಾಲೆಗೆ ಬಿಡುವುದಕ್ಕೆ ಇಳಿದುಬರುವ ಗಾಡಿಗಳು ಎಂದು ತಿಳಿಯಿತು. ಇನ್ನೊಂದು ನೋಟವನ್ನು ಮರೆಯಲಾರೆ. ಸಕ್ಕರೆ ಕಾಯಿಲೆಗೆ ದಿನಾ ನಡೆಯಬೇಕೆಂದು ವೈದ್ಯರಿಂದ ಹೇಳಿಸಿಕೊಂಡ ಹಿರಿಯರು ಮುಂಜಾನೆ ಕಾರಿನಲ್ಲಿ ಕೆಳಗೆ ಬಂದು, ಶಾಲೆಯ ಮೈದಾನದ ಪಕ್ಕ ಕಾರು ನಿಲ್ಲಿಸಿ, ಹತ್ತು ಸುತ್ತು ನಡೆದು, ಮತ್ತೆ ಕಾರು ಹತ್ತಿ ಮನೆಗೆ ಹೋಗುತ್ತಿದ್ದರು.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆಯಲ್ಲಿ ತೊಡಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಲಿಗೂ ಅಂಚೆಗೂ ನಡೆದೇ ಹೋಗುವವನಿಗೆ ಈ ಲೆಕ್ಕ ತಾನಾಗಿ ತುಂಬುತ್ತದೆ. ಮೈದಾನದ ಸುತ್ತನ್ನೇ ನಂಬಿದವನಿಗೆ ಜೂನ್ ಮಳೆ ಹಿಡಿದೊಡನೆ ಲೆಕ್ಕ ತಪ್ಪುತ್ತದೆ.

ಬಡಾವಣೆಯವರನ್ನು ಏಕೆ ನಡೆಯುವುದಿಲ್ಲವೆಂದು ಕೇಳಿದಾಗ, ರಸ್ತೆಯಲ್ಲಿ ನಡೆಯಲು ಜಾಗವೆಲ್ಲಿದೆ, ಜೀಪುಗಳು ಮೈಮೇಲೇ ಬರುತ್ತವೆ, ಪಾದಚಾರಿ ಮಾರ್ಗವಿಲ್ಲ ಎಂದರು. ಆ ಉತ್ತರವನ್ನು ನಾವು ಹಾಗೆಯೇ ನಂಬಿದೆವು. ಅನುದಾನವೂ ಕೈಯಲ್ಲಿತ್ತು. ತಿರುವು ರಸ್ತೆಯ ಒಂದು ಬದಿಗೆ ಉದ್ದಕ್ಕೂ ಬಣ್ಣದ ಟೈಲ್ಸಿನ ಪಾದಚಾರಿ ಮಾರ್ಗ ಹಾಕಿಸಲಾಯಿತು. ಅಂದಾಜುಪಟ್ಟಿ ನನ್ನದು.

ಆ ಕೆಲಸದಲ್ಲಿ ಏನೇನು ತಪ್ಪಿತ್ತು ಎನ್ನುವುದನ್ನು ಈಗ ಸುಲಭವಾಗಿ ಹೇಳಬಹುದು. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪರಿಷ್ಕರಿಸಿದ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ, ಐಆರ್‌ಸಿ 103, ವಾಸದ ಪ್ರದೇಶದಲ್ಲೂ ಅಡೆತಡೆಯಿಲ್ಲದ 1.8 ಮೀಟರ್ ಅಗಲ ಇರಬೇಕೆಂದೂ ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದೆಂದೂ ಹೇಳುತ್ತದೆ. ನಮಗೆ ಸಿಕ್ಕಿದ್ದು 1.2 ಮೀಟರ್. ಅದರೊಳಗೇ ವಿದ್ಯುತ್ ಕಂಬಗಳು ನಿಂತಿದ್ದವು. ಚರಂಡಿಯ ಮೇಲೆಯೇ ಚಪ್ಪಡಿ ಹಾಸಿದ್ದರಿಂದ ಅಂಚು ಕೆಲವೆಡೆ ಮೊಣಕಾಲಿನ ಹತ್ತಿರಕ್ಕೆ ಬಂದಿತ್ತು. ಪ್ರತಿ ಮನೆಯ ಗೇಟಿನ ಮುಂದೆ ಕಾರು ಹತ್ತಲೆಂದು ಮಾರ್ಗವನ್ನು ಕಡಿದು ಇಳಿಜಾರು ಮಾಡಿಕೊಂಡರು. ಮೊದಲ ಮಳೆಗಾಲದಲ್ಲೇ ಟೈಲ್ಸಿನ ಮೇಲೆ ಪಾಚಿ ಕಟ್ಟಿತು. ಆಗಸ್ಟಿನ ಒಂದು ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದ ಹುಡುಗನೊಬ್ಬ ಅಲ್ಲಿ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡ ಮೇಲೆ, ಅಲ್ಲಿಯವರೆಗೆ ನಡೆಯುತ್ತಿದ್ದ ನಾಲ್ಕು ಜನರೂ ಡಾಂಬರಿಗೆ ಇಳಿದರು.

ಆದರೆ ಟೈಲ್ಸ್ ಚೆನ್ನಾಗಿದ್ದಿದ್ದರೂ ಜನ ನಡೆಯುತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು.

ಬೇಲಿಯ ಕಿಂಡಿ

ಮುಂದಿನ ಜೂನಿನಲ್ಲಿ, ಪಾಚಿಯ ದೂರನ್ನು ನೋಡಿಕೊಂಡು ಬರಲು ಮುಂಜಾನೆಯೇ ಬಡಾವಣೆಗೆ ಹೋದೆ. ನೂಲಿನಂಥ ಮಳೆ. ಮೂರು ಮನೆಗಳಲ್ಲಿ ಕೆಲಸ ಮಾಡುವ ಮಹಿಳೆಯೊಬ್ಬರು ಬಡಾವಣೆಯ ಕೆಳ ಅಂಚಿನ ಖಾಲಿ ನಿವೇಶನದ ಪೊದೆಯಿಂದ ಕೊಡೆ ಮಡಚಿಕೊಂಡು ಹೊರಬಂದರು. ಅವರ ಹಿಂದೆಯೇ ಇನ್ನಿಬ್ಬರು. ರಸ್ತೆಯಲ್ಲಿ ನಾವು ಇಷ್ಟು ದಿನ ನಿಂತು ಎಣಿಸಿದ ಯಾವ ಪಟ್ಟಿಯಲ್ಲೂ ಇವರಿರಲಿಲ್ಲ.

ಅವರು ಬಂದ ದಾರಿಯನ್ನು ತೋರಿಸಿ ಎಂದೆ. ಪೊದೆಯ ಆಚೆ ಒಂದು ಖಾಸಗಿ ತೋಟದ ಮುಳ್ಳುತಂತಿ ಬೇಲಿ. ಅದರಲ್ಲಿ ಎರಡನೆಯ ಮತ್ತು ಮೂರನೆಯ ಎಳೆಗಳನ್ನು ಅಗಲಿಸಿ ಮಾಡಿದ ಕಿಂಡಿ. ಸೆರಗು ಸಿಕ್ಕಿ ಹರಿಯದಿರಲೆಂದು ಮೇಲಿನ ಎಳೆಗೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಸುತ್ತಿ, ಎರಡೂ ತುದಿಗೆ ಬಾಳೆನಾರು ಬಿಗಿದಿದ್ದರು. ಟ್ಯೂಬಿನ ಕಪ್ಪು ಮೈ ಕೈ ತಾಗಿ ತಾಗಿ ನುಣುಪಾಗಿತ್ತು. ಕಿಂಡಿಯ ಕೆಳಗೆ ಹೆಜ್ಜೆ ಇಡುವ ಕಡೆ ಒಂದು ಚಪ್ಪಟೆ ಕಲ್ಲು ಇಟ್ಟಿದ್ದರು, ಕೆಸರಾಗದಿರಲೆಂದು. ಅಲ್ಲಿಂದ ಕಾಫಿ ಗಿಡಗಳ ನಡುವೆ ಸವೆದ ದಾರಿ ನೇರವಾಗಿ ಬಸ್ ನಿಲ್ದಾಣದ ಹಿಂಬದಿಗೆ ಇಳಿಯುತ್ತಿತ್ತು. ಜಿಗಣೆ ಕಚ್ಚುತ್ತವೆ, ಜಾರುತ್ತದೆ, ಯಜಮಾನರು ಕಂಡರೆ ಬೈಯುತ್ತಾರೆ, ಆದರೂ ಇದೇ ಹತ್ತಿರ ಎಂದರು ಆಕೆ. ತೋಟವಿದ್ದ ಕಾಲದಲ್ಲಿ ಲೈನ್‌ಮನೆಯವರೆಲ್ಲ (ತೋಟದ ಕೂಲಿಯವರ ಸಾಲುಮನೆಗಳವರು) ಸಂತೆಗೆ ಇಳಿಯುತ್ತಿದ್ದದ್ದು ಇದರಲ್ಲೇ, ತಮ್ಮ ಅತ್ತೆಯೂ ಇದರಲ್ಲೇ ನಡೆದವರು ಎಂದೂ ಹೇಳಿದರು.

ನನ್ನ ಮಟ್ಟಿಗೆ ಪ್ರಕರಣ ತಿರುಗಿದ್ದು ಆ ಟ್ಯೂಬಿನ ಮುಂದೆ. ನಡೆಯುವವರಿಲ್ಲ ಎಂದು ವರದಿ ಬರೆದಿದ್ದೆವು. ನಡೆಯುವವರು ಇದ್ದರು, ನಾವು ನಿಂತ ಜಾಗ ತಪ್ಪಾಗಿತ್ತು. ಕಾರುಳ್ಳವರಿಗೆ ಏಕೆ ನಡೆಯುವುದಿಲ್ಲವೆಂದು ಕೇಳಿದ್ದೆವೇ ಹೊರತು, ನಡೆಯುವವರಿಗೆ ಎಲ್ಲಿ ನಡೆಯುತ್ತೀರಿ ಎಂದು ಕೇಳಿರಲಿಲ್ಲ.

ಅಂದೇ ದಾರಿಯನ್ನು ಅಳೆದೆ. ಉದ್ದ 280 ಮೀಟರ್, ಇಳಿತ 32 ಮೀಟರ್. ಬೆಟ್ಟ ಹತ್ತುವವರ ಸಮಯ ಲೆಕ್ಕ ಹಾಕಲು ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸರಳ ಸೂತ್ರವೊಂದಿದೆ: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ಆ ಲೆಕ್ಕದಲ್ಲಿ ಪೇಟೆಯಿಂದ ಮನೆಗೆ ರಸ್ತೆಯಲ್ಲಿ ಹತ್ತಲು ಹದಿನೇಳು ನಿಮಿಷ, ಈ ದಾರಿಯಲ್ಲಿ ಏಳು ನಿಮಿಷ. ನಮ್ಮ ಟೈಲ್ಸ್ ಆ ಹದಿನೇಳರಿಂದ ಒಂದು ನಿಮಿಷವನ್ನೂ ಕಡಿಮೆ ಮಾಡಿರಲಿಲ್ಲ.

ಚುಕ್ಕಿಗೆರೆ

ಗ್ರಾಮನಕ್ಷೆ ತೆಗೆಸಿ ನೋಡಿದಾಗ ಅದೇ ಜಾಗದಲ್ಲಿ ಕಾಲುದಾರಿಯ ಚುಕ್ಕಿಗೆರೆ ಸ್ಪಷ್ಟವಾಗಿತ್ತು. ಬಡಾವಣೆಯ ವಿನ್ಯಾಸ ನಕ್ಷೆಯಲ್ಲಿ ಅದು ಇರಲಿಲ್ಲ. ಚುಕ್ಕಿಗೆರೆಯ ಮೇಲಿನ ತುದಿ ಒಂದು ನಿವೇಶನದೊಳಗೆ, ಉಳಿದ ಭಾಗ ಮಾರಾಟವಾಗದೆ ಉಳಿದ ಹಳೆಯ ತೋಟದ ತುಂಡಿನೊಳಗೆ ಹೋಗಿತ್ತು. ಯಾರೂ ಬೇಕೆಂದು ಅಳಿಸಿದ್ದಲ್ಲ ಎಂದೇ ನನ್ನ ನಂಬಿಕೆ. ಬಡಾವಣೆಯ ನಕ್ಷೆ ಬಿಡಿಸುವವರು ಕಾರು ತಿರುಗುವ ತ್ರಿಜ್ಯವನ್ನು ನೋಡುತ್ತಾರೆ, ಚುಕ್ಕಿಗೆರೆಯನ್ನು ನೋಡುವುದಿಲ್ಲ. ಐನ್‌ಮನೆಗೆ (ಕೊಡವ ಕುಟುಂಬದ ಮೂಲಮನೆಗೆ) ಹೋಗುವ ಓಣಿಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ನಾಡಿನಲ್ಲಿ ಹೀಗಾದದ್ದು ನನಗೆ ಸೋಜಿಗವೆನಿಸುತ್ತದೆ.

ಬಡಾವಣೆಯ ನಿವಾಸಿಗಳ ಸಂಘದ ಕೆಲವರು ನೇರವಾಗಿ ನ್ಯಾಯಾಲಯಕ್ಕೆ ಹೋಗೋಣ ಎಂದರು. 1882ರ ಭಾರತೀಯ ಅನುಭೋಗ ಕಾಯ್ದೆಯ ಪ್ರಕಾರ ಇಪ್ಪತ್ತು ವರ್ಷ ಶಾಂತವಾಗಿ, ಬಹಿರಂಗವಾಗಿ, ಹಕ್ಕಿನಿಂದ, ಅಡ್ಡಿಯಿಲ್ಲದೆ ಬಳಸಿದ ದಾರಿಯ ಮೇಲೆ ಹಕ್ಕು ಸಾಧಿಸಬಹುದು. ಆದರೆ ಬೇಲಿ ಹಾಕಿದ ಮೇಲೆ ಕಿಂಡಿಯಲ್ಲಿ ನುಸುಳಿದವರ ಬಳಕೆಯನ್ನು ಬಹಿರಂಗ ಎನ್ನುವುದು ಹೇಗೆ? ಗ್ರಾಮನಕ್ಷೆಯ ಸಾರ್ವಜನಿಕ ದಾರಿ ಎಂಬ ಆಧಾರವೇ ಗಟ್ಟಿಯಾಗಿತ್ತು. ಅದನ್ನು ಕೈಯಲ್ಲಿಟ್ಟುಕೊಂಡು ಮಾತಿಗೆ ಕೂರುವುದು ಮೇಲು ಎಂದು ತೀರ್ಮಾನಿಸಿದೆವು. ಆ ತೀರ್ಮಾನ ಸರಿಯಾಗಿತ್ತು.

ತೋಟದ ಮಾಲೀಕರು ಮೊದಲ ದಿನ ಗೇಟಿನ ಆಚೆಯೇ ನಿಲ್ಲಿಸಿ ಮಾತಾಡಿದರು. ಅವರ ಭಯಗಳು ಸುಳ್ಳಲ್ಲ. ದಾರಿ ತೆರೆದರೆ ರಾತ್ರಿ ಕುಡುಕರು ಬಂದು ಕೂರುತ್ತಾರೆ, ಬಾಟಲಿ ಒಡೆಯುತ್ತಾರೆ, ಮರಕ್ಕೆ ಹಬ್ಬಿಸಿದ ಕರಿಮೆಣಸು ಕೊಯ್ಲಿಗೆ ಮೊದಲೇ ಮಾಯವಾಗುತ್ತದೆ. ಮೂರನೆಯ ಭೇಟಿಯಲ್ಲಿ ಹಳೆಯ ನೆನಪೊಂದು ಬಂತು. ಅವರ ತಂದೆಯೇ ಈ ದಾರಿಯಲ್ಲಿ ಶಾಲೆಗೆ ಹೋಗಿದ್ದರಂತೆ. ಆದರೂ ಕೆಲಸ ಮಾಡಿದ್ದು ನೆನಪಲ್ಲ, ಚೌಕಾಸಿ. ಎರಡೂ ಬದಿಗೆ ಪಂಚಾಯಿತಿಯ ಖರ್ಚಿನಲ್ಲಿ ಗಟ್ಟಿ ಜಾಲರಿ ಬೇಲಿ, ಕೆಳಗೂ ಮೇಲೂ ಗೇಟು, ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಐದೂವರೆಯವರೆಗೆ ಬೀಗ. ಮೇಲಿನ ನಿವೇಶನದವರು ಅಂಚಿನ ಪಟ್ಟಿಯನ್ನು ಬಿಟ್ಟುಕೊಡಲು ಒಪ್ಪಿದರು.

ಬೀಗಕ್ಕೆ ಒಪ್ಪಬಾರದಿತ್ತು ಎಂದು ಈಗಲೂ ಹೇಳುವವರಿದ್ದಾರೆ. ಮೈಸೂರಿನ ಕಡೆಯಿಂದ ತಡವಾದ ಬಸ್ಸಿನಲ್ಲಿ ಬಂದಿಳಿಯುವವರು ಇಂದಿಗೂ ರಸ್ತೆಯನ್ನೇ ಸುತ್ತುತ್ತಾರೆ. ಒಪ್ಪದಿದ್ದರೆ ದಾರಿಯೇ ಇರುತ್ತಿರಲಿಲ್ಲ ಎಂಬುದು ನನ್ನ ಉತ್ತರ. ಅದು ತಡರಾತ್ರಿ ಬ್ಯಾಗು ಹೊತ್ತು ಹತ್ತುವವರನ್ನು ಸಮಾಧಾನಪಡಿಸುವುದಿಲ್ಲ.

ಮೆಟ್ಟಿಲು

2018ರ ಆಗಸ್ಟಿನ ಭೂಕುಸಿತಗಳ ನಂತರ ಕೊಡಗಿನಲ್ಲಿ ಗುಡ್ಡಕ್ಕೆ ಜೆಸಿಬಿ ಹಚ್ಚುವ ಮಾತೆತ್ತಿದರೆ ಜನ ಬೆಚ್ಚುತ್ತಾರೆ, ಬೆಚ್ಚಲೇಬೇಕು. ಹಾಗಾಗಿ ಹಳೆಯ ದಾರಿ ಹೇಗೆ ಬಳುಕಿತ್ತೋ ಹಾಗೆಯೇ ಹೋಗುವುದು, ಒಂದು ಮೆಟ್ಟಿಲಿನ ಆಳಕ್ಕಿಂತ ಹೆಚ್ಚು ಮಣ್ಣು ಕಡಿಯದಿರುವುದು ಎಂದು ನಿಶ್ಚಯಿಸಿದೆವು. ತಲೆಯ ಮೇಲೆ ಸೌದೆ ಹೊತ್ತವರು ಸವೆಸಿದ ದಾರಿಯಲ್ಲಿ ಏರು ಎಲ್ಲೆಲ್ಲಿ ತಡೆಯುತ್ತದೆಯೋ ಅಲ್ಲಲ್ಲೇ ತಿರುವು ಇತ್ತು. ನಾನು ಕಾಗದದ ಮೇಲೆ ನೇರ ಮಾಡಲು ಹೋದ ಒಂದು ಕಡೆ ಮೇಸ್ತ್ರಿಯೇ ತಡೆದು, ಅಲ್ಲಿ ಮಳೆಗಾಲದಲ್ಲಿ ಜಲ ಏಳುತ್ತದೆ ಎಂದು ತೋರಿಸಿದರು.

ಸುಮಾರು 210 ಮೀಟರ್ ಸಣ್ಣ ಇಳಿಜಾರಿನ ಹಾಸು, ಉಳಿದದ್ದು 140 ಮೆಟ್ಟಿಲು. ಹದಿನೇಳನೆಯ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲಾಂಡೆಲ್ ಹೇಳಿದ ನಿಯಮವನ್ನು ಮೆಟ್ಟಿಲು ಕಟ್ಟುವವರು ಇಂದಿಗೂ ಬಳಸುತ್ತಾರೆ: ಎತ್ತರದ ಎರಡರಷ್ಟಕ್ಕೆ ಅಗಲವನ್ನು ಕೂಡಿದರೆ ಒಂದು ಹೆಜ್ಜೆ, ಅಂದರೆ ಸುಮಾರು 65 ಸೆಂಟಿಮೀಟರ್ ಆಗಬೇಕು. ನಾವು ಎತ್ತರ 15, ಅಗಲ 35 ಇಟ್ಟೆವು. ಹನ್ನೆರಡು ಮೆಟ್ಟಿಲಿಗೊಂದು ಸಮತಟ್ಟು ಜಾಗ, ಕೆಲವು ಕಡೆ ಕೂರಲು ಕಲ್ಲು. ಟೈಲ್ಸ್ ಇಲ್ಲ, ಉಳಿಯಿಂದ ಒರಟು ಮಾಡಿದ ಕಲ್ಲು. ನೀರು ಮೆಟ್ಟಿಲ ಮೇಲೆ ಹರಿಯದಂತೆ ಗುಡ್ಡದ ಬದಿಗೆ ಚರಂಡಿ.

ಅಗಲದ ವಿಷಯದಲ್ಲಿ ಒಂದು ಸಣ್ಣ ಜಗಳವಾಯಿತು. ಮಾರ್ಗಸೂಚಿಯ 1.8 ಮೀಟರ್ ಸಾಕೆಂದು ಪಂಚಾಯಿತಿಯ ವಾದ. ಬಿಚ್ಚಿದ ಕೊಡೆಯೊಂದರ ಅಗಲ ಹತ್ತಿರ ಹತ್ತಿರ ಒಂದು ಮೀಟರ್. ವರ್ಷದಲ್ಲಿ ನಾಲ್ಕು ತಿಂಗಳು ಕೊಡೆ ಮಡಚದ ಊರಿನಲ್ಲಿ ಇಬ್ಬರು ಎದುರಾದರೆ ಒಬ್ಬರು ಕೊಡೆ ಓರೆ ಮಾಡಬೇಕು, ಓರೆ ಮಾಡಿದ ಕೊಡೆಯ ನೀರು ಇನ್ನೊಬ್ಬರ ಹೆಗಲಿಗೆ. ಕಚೇರಿಯ ವರಾಂಡದಲ್ಲಿ ಎರಡು ಕೊಡೆ ಬಿಚ್ಚಿ ಗುಮಾಸ್ತರಿಬ್ಬರನ್ನು ಎದುರುಬದುರು ನಡೆಸಿ ತೋರಿಸಿದ ಮೇಲೆ 2.1 ಮೀಟರಿಗೆ ಸಹಿ ಬಿತ್ತು.

ಗಾಲಿಕುರ್ಚಿಗೆ ಈ ದಾರಿ ಇಲ್ಲ. ಗಾಲಿಕುರ್ಚಿಗೆ ಬೇಕಾದ ಒಂದಕ್ಕೆ ಹನ್ನೆರಡರ ಇಳಿಜಾರಿನಲ್ಲಿ (ಒಂದು ಮೀಟರ್ ಎತ್ತರಕ್ಕೆ ಹನ್ನೆರಡು ಮೀಟರ್ ಉದ್ದ) ಮೆಟ್ಟಿಲುಗಳ ಆ 21 ಮೀಟರ್ ಎತ್ತರವನ್ನು ಇಳಿಸಲು 250 ಮೀಟರಿಗೂ ಹೆಚ್ಚು ಉದ್ದದ ಹಾದಿ ಬೇಕು, ಅಷ್ಟು ಜಾಗ ಸಿಗಲಿಲ್ಲ. ಅದಕ್ಕಾಗಿಯೇ ರಸ್ತೆಬದಿಯ ಹಳೆಯ ಪಾದಚಾರಿ ಮಾರ್ಗವನ್ನು ಕೈಬಿಡದೆ, ಆದಷ್ಟು ಕಡೆ ಅಂಚನ್ನು ತಗ್ಗಿಸಿ, ಕಂಬಗಳನ್ನು ಸರಿಸಲು ಎರಡನೆಯ ಅನುದಾನವನ್ನು ಕೇಳಲಾಯಿತು. ಅರ್ಧ ಕೆಲಸವಾಗಿದೆ.

ದಾರಿ ತೆರೆಯಿತು, ಜನ ಬರಲಿಲ್ಲ

ದಾರಿ ತೆರೆದ ಮೊದಲ ತಿಂಗಳುಗಳಲ್ಲಿ ಅದನ್ನು ಬಳಸಿದವರು ಹಿಂದಿನಿಂದ ಬಳಸುತ್ತಿದ್ದವರೇ, ಜೊತೆಗೆ ಕೆಲವು ಮುಂಜಾನೆಯ ವಾಯುಸಂಚಾರಿಗಳು. ಸಂಜೆ ಆರರ ನಂತರ ಮೆಟ್ಟಿಲು ಬರಿದು. ದೀಪಗಳನ್ನು ಹಾಕಿಸಿದೆವು. ಬೆಳಕಿನಲ್ಲಿ ಬರಿದಾದ ಮೆಟ್ಟಿಲು ಕತ್ತಲಲ್ಲಿ ಬರಿದಾದ ಮೆಟ್ಟಿಲಿಗಿಂತ ಭಯ ಹುಟ್ಟಿಸುತ್ತದೆ ಎಂದು ಬಡಾವಣೆಯ ಒಬ್ಬ ಶಿಕ್ಷಕಿ ಹೇಳಿದಾಗ ನಾನು ಸಭೆಯ ನಡಾವಳಿಯಲ್ಲಿ ಬರೆದುಕೊಂಡೆ. ಕೆಳಗಿನ ಬಾಗಿಲು ತೆರೆಯುತ್ತಿದ್ದದ್ದು ಬಸ್ ನಿಲ್ದಾಣದ ಹಿಂದಿನ ಗೋದಾಮಿನ ಕುರುಡು ಗೋಡೆಗೆ. ಅಲ್ಲಿಂದ ಪೇಟೆಗೆ ಮೂವತ್ತು ಹೆಜ್ಜೆಯಾದರೂ, ಆ ಮೂವತ್ತು ಹೆಜ್ಜೆ ಮೂತ್ರದ ವಾಸನೆಯ ಮೂವತ್ತು ಹೆಜ್ಜೆ.

ಆಗ ಆದ ಎರಡು ನಿರ್ಧಾರಗಳನ್ನು ಈ ಪ್ರಕರಣದ ಮುಖ್ಯ ನಿರ್ಧಾರಗಳೆಂದು ನಾನು ಎಣಿಸುತ್ತೇನೆ. ಎರಡರಲ್ಲೂ ಕಲ್ಲು ಸಿಮೆಂಟು ಇರಲಿಲ್ಲ. ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದ ಮಹಿಳೆಯೊಬ್ಬರಿಗೆ, 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ರಚನೆಯಾದ ಪಟ್ಟಣ ವ್ಯಾಪಾರ ಸಮಿತಿಯ ಮೂಲಕ, ಕೆಳಗೇಟಿನ ಪಕ್ಕದಲ್ಲಿ ದಿನದ ವ್ಯಾಪಾರಕ್ಕೆ ಜಾಗ ಕೊಡಲಾಯಿತು. ಗೇಟಿನ ಬೀಗದ ಕೈಯೂ ಆಕೆಯ ಹತ್ತಿರವೇ. ಎರಡನೆಯದಾಗಿ, ಮೇಲಿನ ನಾಗರಿಕ ಸೌಲಭ್ಯದ ಜಾಗದಲ್ಲಿ ಲಂಟಾನ ಕಡಿದು ಹಾಲಿನ ಬೂತು ಮತ್ತು ಅಂಗನವಾಡಿಗೆ ಅವಕಾಶ ಮಾಡಲಾಯಿತು. ಇದಕ್ಕೆ ಬಡಾವಣೆಯ ಸಂಘದಲ್ಲಿ ಬಿರುಸಾದ ವಿರೋಧವಿತ್ತು. ಬೂತು ಬಂದರೆ ಬೀಡಿ ಬರುತ್ತದೆ, ಬೀಡಿ ಬಂದರೆ ಪಡ್ಡೆಗಳು ಬರುತ್ತಾರೆ, ನಿವೇಶನದ ಬೆಲೆ ಇಳಿಯುತ್ತದೆ ಎಂಬ ಸರಪಳಿ. ಒಂದು ವರ್ಷದ ಪ್ರಯೋಗ, ತಂಬಾಕು ಮಾರುವಂತಿಲ್ಲ ಎಂಬ ಷರತ್ತಿನ ಮೇಲೆ ಕೂದಲೆಳೆಯ ಬಹುಮತದಿಂದ ಒಪ್ಪಿಗೆ ಸಿಕ್ಕಿತು. ವರ್ಷ ಮುಗಿದಾಗ ಷರತ್ತನ್ನು ನೆನಪಿಸಿದವರು ಯಾರೂ ಇಲ್ಲ.

ಸೊಪ್ಪಿನ ಅಂಗಡಿ ಬಂದ ಎರಡು ವಾರದಲ್ಲಿ ಗೋಡೆಯ ಬಳಿ ಮೂತ್ರ ಮಾಡುವುದು ನಿಂತಿತು. ಆಕೆ ಯಾರನ್ನೂ ಬೈಯಲಿಲ್ಲ, ಅಲ್ಲಿ ಕೂತಿದ್ದರು, ಅಷ್ಟೆ. ಸಂಜೆ ಟ್ಯೂಷನ್ ಮುಗಿಸಿದ ಹೆಣ್ಣುಮಕ್ಕಳು ಮೆಟ್ಟಿಲಲ್ಲಿ ಗುಂಪಾಗಿ ಹತ್ತತೊಡಗಿದರು. ಮೇಲೆ ಬೂತಿಗೆ ಹಾಲಿಗೆಂದು ಬಂದವರು ಅಲ್ಲಿಂದ ಹೇಗೂ ಅರ್ಧ ದಾರಿ ಬಂದಾಯಿತೆಂದು ತರಕಾರಿಗೆ ಇಳಿಯುತ್ತಿದ್ದರು. ಕಾರಿನಲ್ಲಿ ಹೋಗಿ ಮೈದಾನ ಸುತ್ತುತ್ತಿದ್ದ ಹಿರಿಯರೊಬ್ಬರು, ಈಗ ಬೆಳಿಗ್ಗೆ ಎರಡು ಸಲ ಮೆಟ್ಟಿಲು ಹತ್ತಿಳಿದು ಬರುವಾಗ ಕೊತ್ತಂಬರಿ ಕಟ್ಟು ತರುತ್ತಾರೆ. 2010ರಲ್ಲಿ ರೀಡ್ ಯೂಯಿಂಗ್ ಮತ್ತು ಸರ್ವೆರೊ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ನಡಿಗೆಯೊಂದಿಗೆ ಹೆಚ್ಚು ಬಲವಾಗಿ ಹೊಂದಿಕೊಂಡದ್ದು ಭೂಬಳಕೆಯ ವೈವಿಧ್ಯ, ಬೀದಿಗಳು ಸಂಧಿಸುವ ಸಂಖ್ಯೆ ಮತ್ತು ನಡೆದು ಮುಟ್ಟಬಹುದಾದ ಜಾಗಗಳ ಸಂಖ್ಯೆ. ನಾವು ಮೊದಲು ಹಣ ಸುರಿದ ಟೈಲ್ಸ್ ಈ ಮೂರರಲ್ಲಿ ಯಾವುದನ್ನೂ ಬದಲಿಸಿರಲಿಲ್ಲ.

ಉಳಿದದ್ದು

ಶಾಲೆಯ ಮಕ್ಕಳ ಗಾಡಿಗಳು ಕಡಿಮೆಯಾಗಿಲ್ಲ. ಮೆಟ್ಟಿಲಿಳಿದ ಮೇಲೆ ಹೆದ್ದಾರಿ ದಾಟಬೇಕು, ಅಲ್ಲಿ ವಾರಾಂತ್ಯದ ಕಾರುಗಳು ಇಳಿಜಾರಿನ ವೇಗದಲ್ಲೇ ಬರುತ್ತವೆ. ಹೆದ್ದಾರಿ ಪಟ್ಟಣ ಪಂಚಾಯಿತಿಯದಲ್ಲ. ಎತ್ತರಿಸಿದ ದಾಟುಪಟ್ಟಿಗಾಗಿ ಬರೆದ ಪತ್ರಗಳಿಗೆ ಪರಿಶೀಲನೆಯಲ್ಲಿದೆ ಎಂಬ ಉತ್ತರವಿದೆ. ಪೇಟೆಯ ಪಾರ್ಕಿಂಗ್ ಜಗಳವೂ ಮುಗಿದಿಲ್ಲ, ಬೆಳಗಿನ ಹೊತ್ತು ಸಡಿಲವಾಗಿದೆ.

ನಾವು ಕೊನೆಯವರೆಗೂ ಗಮನಿಸದೇ ಇದ್ದ ಸಂಗತಿ ಕಸಪೊರಕೆಯದು. ಎರಡನೆಯ ಮಳೆಗಾಲದಲ್ಲಿ ಕಲ್ಲಿಗೂ ಪಾಚಿ ಹಿಡಿಯಿತು. ಪೌರಕಾರ್ಮಿಕರನ್ನು ಕೇಳಿದರೆ ಈ ದಾರಿ ತಮ್ಮ ಪಟ್ಟಿಯಲ್ಲಿಲ್ಲ ಎಂದರು, ಅದು ನಿಜ. ರಸ್ತೆಗಳ ವಹಿಯಲ್ಲಿ ಅದಕ್ಕೊಂದು ಸಾಲು ಇರಲಿಲ್ಲ, ಸಾಲಿಲ್ಲದ ದಾರಿಗೆ ಗುಡಿಸುವವರಿಲ್ಲ, ದೀಪ ಕೆಟ್ಟರೆ ಬದಲಿಸುವವರಿಲ್ಲ. ಹೆಸರು ಕೊಟ್ಟು, ಉದ್ದ ಅಗಲ ನಮೂದಿಸಿ, ವಹಿಯಲ್ಲಿ ಸೇರಿಸಲು ಐದು ತಿಂಗಳು ಹಿಡಿಯಿತು. ಇಂಥ ಕೆಲಸಕ್ಕೆ ಕೈಹಾಕುವವರು ಮೊದಲ ಕಲ್ಲು ಇಡುವ ಮುನ್ನವೇ ಈ ಸಾಲನ್ನು ಬರೆಸಿಕೊಳ್ಳಲಿ. ಈಗ ಜೂನಿನಿಂದ ಸೆಪ್ಟೆಂಬರಿನವರೆಗೆ ವಾರಕ್ಕೊಮ್ಮೆ ತಂತಿ ಬ್ರಶ್ಶಿನಿಂದ ಉಜ್ಜುತ್ತಾರೆ.

ಈ ವರ್ಷ ಪಕ್ಕದ ಗುಡ್ಡದ ತೋಟವೂ ಅಲಿನೇಷನ್ ಆಗಿದೆ. ಬಡಾವಣೆಯ ಕರಡು ನಕ್ಷೆಯನ್ನು ನೋಡಲು ಕೊಟ್ಟಿದ್ದಾರೆ. ಒಂದೇ ಬಾಗಿಲು, ಬೆರಳುಗಳಂಥ ರಸ್ತೆಗಳು. ಗ್ರಾಮನಕ್ಷೆಯ ಹಾಳೆಯನ್ನು ಅದರ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದಾಗ ಚುಕ್ಕಿಗೆರೆ 17 ಮತ್ತು 18ನೆಯ ನಿವೇಶನಗಳ ನಡುವೆ ಹಾದುಹೋಗುತ್ತದೆ. ಆ ಎರಡರ ಮಧ್ಯೆ ಮೂರು ಮೀಟರ್ ಬಿಡಿಸಿ ಎಂದು ಬರೆದು ಕೊಟ್ಟಿದ್ದೇನೆ. 17ಕ್ಕೆ ಮುಂಗಡ ಆಗಿಬಿಟ್ಟಿದೆಯಂತೆ.